ಮಕ್ಕಳ ಬಾಯಿಗೆ ಪದ ಬಂದ ದಾರಿ

ಅಮ್ಮ, ಅನ್ನ, ನೀರು, ಬೆಕ್ಕು ಎಂಬ ಪದಗಳನ್ನು ಯಾವಾಗ ಕಲಿತಿರಿ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಸಿಗುವುದಿಲ್ಲ. ಮೂರು ವರ್ಷದೊಳಗಿನ ಸಂಗತಿಗಳು ದೊಡ್ಡವರಾದ ಮೇಲೆ ನೆನಪಿನಲ್ಲಿ ಉಳಿಯುವುದು ತೀರ ಅಪರೂಪ. ಮನೆಮಾತಿನ ಬುನಾದಿ ಬೀಳುವುದು ಆ ವಯಸ್ಸಿನಲ್ಲೇ. ಆದರೆ ಋಷಿ, ಔಷಧ, ಢಕ್ಕೆ, ಕ್ಷತ್ರಿಯ ಎಂಬ ಪದಗಳ ಮಾತೆತ್ತಿದರೆ ಓದು ಬಲ್ಲ ಕನ್ನಡಿಗರಲ್ಲಿ ಅನೇಕರಿಗೆ ಒಂದನೇ ತರಗತಿಯ ಪುಸ್ತಕದ ಪುಟ ಕಣ್ಣಿಗೆ ಕಟ್ಟುತ್ತದೆ. ಕೊಳಗ, ಖಂಡುಗ, ಅಚ್ಚೇರು ಎಂದರೆ ಹಿರಿಯರಿಗೆ ಮಗ್ಗಿ ಒಪ್ಪಿಸಿದ ದಿನಗಳು ನೆನಪಾಗುತ್ತವೆ. ಇಂಥ ನೆನಪು ಅವರವರ ಸ್ವಂತದ್ದು ಎಂದು ನಾವು ತಿಳಿದಿದ್ದೇವೆ. ಅದಕ್ಕೆ ಇನ್ನೊಂದು ಮುಖವೂ ಇದೆ. ಪದ ಕಲಿತ ಗಳಿಗೆ ನೆನಪಿನಲ್ಲಿ ಉಳಿದಿದ್ದರೆ, ಆ ಪದ ಬಹುಮಟ್ಟಿಗೆ ಮನೆಯ ಹೊರಗಿನಿಂದ, ಬೇರೆ ಯಾರೋ ಗೊತ್ತುಮಾಡಿದ ಕ್ರಮದಲ್ಲಿ ಬಂದದ್ದಾಗಿರುತ್ತದೆ. ನಿಘಂಟುಕಾರ, ಕೂಲಿಮಠವೆಂಬ ಊರ ಶಾಲೆಯ ಅಯ್ಯ, ಅಚ್ಚುಕೂಟ, ವಿದ್ಯಾ ಇಲಾಖೆ, ತೂಕ ಅಳತೆಗಳ ಕಾಯ್ದೆ ಇವು ಒಂದಾದ ಮೇಲೊಂದರಂತೆ ಆ ಕ್ರಮವನ್ನು ಗೊತ್ತುಮಾಡುತ್ತ ಬಂದಿವೆ. ಈ ಚರಿತ್ರೆಯನ್ನು ಜೋಡಿಸಿ ನೋಡಿದಾಗ ನನಗೆ ಕಾಣುವುದು ಇಷ್ಟು: ಕಳೆದ ಇನ್ನೂರು ವರ್ಷಗಳಲ್ಲಿ ಕನ್ನಡದ ಮಕ್ಕಳಿಗೆ ಶಾಲೆಯ ಬಾಗಿಲು ಅಗಲವಾಯಿತು, ಶಾಲೆಯೊಳಗಿನ ಪದಸಂಪತ್ತು ಕಿರಿದಾಯಿತು. ಮೊದಲನೆಯದು ದೊಡ್ಡ ಗೆಲುವು. ಎರಡನೆಯದು ಆ ಗೆಲುವಿಗಾಗಿ ತೆರಲೇಬೇಕಾಗಿದ್ದ ಬೆಲೆಯಲ್ಲ.

ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸಕ್ಕೆ ನಮ್ಮಲ್ಲಿ ಹಳೆಯ ದಾಖಲೆಗಳಿವೆ. ಹೊಯ್ಸಳ ಮೂರನೆಯ ನರಸಿಂಹನ ಕಾಲದ ಪೆರುಮಾಳೆ ದಂಡನಾಯಕ 1290ರಲ್ಲಿ ತಲಕಾಡಿನ ಬಳಿಯ ಮಾಲಂಗಿಯಲ್ಲಿ ಬಿಟ್ಟ ದತ್ತಿಯಲ್ಲಿ ವೇದ ಹೇಳುವವರ ಜೊತೆಗೆ, ನಾಗರ, ಕನ್ನಡ, ತಿಗುಳ (ತಮಿಳು), ಆರ್ಯ (ಮರಾಠಿ) ಓದಿಸುವ ಬಾಲಶಿಕ್ಷೆಯ ಉಪಾಧ್ಯಾಯರಿಗೂ ಪಾಲಿದೆ. ಅಂದರೆ ಒಂದೇ ಊರಿನ ಮಕ್ಕಳಿಗೆ ನಾಲ್ಕು ಬಗೆಯ ಓದು. ಅಕ್ಷರ ಬಂದ ಮೇಲೆ ಪದ ಕಲಿಯುವ ಸಾಧನ ನಿಘಂಟು. ನಿಘಂಟುಗಳು ಆಗ ಪದ್ಯದಲ್ಲಿದ್ದವು, ಏಕೆಂದರೆ ಅವು ಬೇಕಾದಾಗ ಬಿಚ್ಚಿ ನೋಡುವ ಪುಸ್ತಕಗಳಲ್ಲ, ಬಾಯಲ್ಲಿ ಇಟ್ಟುಕೊಳ್ಳುವ ಗ್ರಂಥಗಳು. ಹತ್ತನೆಯ ಶತಮಾನದ ರನ್ನಕಂದದಿಂದ 1398ರ ಮಂಗರಾಜನ ನಿಘಂಟಿನವರೆಗೆ, ಅಲ್ಲಿಂದ ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿಯವರೆಗೆ ಕನ್ನಡದ ಕೋಶಗಳೆಲ್ಲ ಈ ಜಾತಿಯವು. ಇವೆಲ್ಲಕ್ಕೂ ಹಿರಿಯದು ಸಂಸ್ಕೃತದ ಅಮರಕೋಶ. ಅದಕ್ಕೆ ನಾಚಿರಾಜ ಕನ್ನಡದಲ್ಲೇ ಟೀಕೆ ಬರೆದ. ಅಮರಕೋಶದ ಪದಗಳು ಅಕಾರಾದಿಯಾಗಿ ಬರುವುದಿಲ್ಲ, ವಸ್ತುವಿನ ಗುಂಪಾಗಿ ಬರುತ್ತವೆ. ಮೊದಲು ಸ್ವರ್ಗವರ್ಗ, ಅಲ್ಲಿ ದೇವತೆಗಳ ಹೆಸರು. ಎರಡನೆಯ ಕಾಂಡದಲ್ಲಿ ಭೂಮಿ, ಪುರ, ಬೆಟ್ಟ, ಗಿಡಮೂಲಿಕೆ, ಮೃಗ, ಮನುಷ್ಯ. ಆಮೇಲೆ ಬ್ರಹ್ಮ, ಕ್ಷತ್ರಿಯ, ವೈಶ್ಯ, ಶೂದ್ರ ವರ್ಗಗಳು. ಇದನ್ನು ಬಾಯಿಪಾಠ ಮಾಡಿದ ಹುಡುಗ ಪದಗಳ ಜೊತೆಗೆ ಲೋಕದ ಒಂದು ನಕ್ಷೆಯನ್ನೂ ನುಂಗಿಕೊಳ್ಳುತ್ತಿದ್ದ. ಯಾರು ಮೊದಲು, ಯಾರು ಕೊನೆ ಎಂಬ ತೀರ್ಪು ಪದಗಳ ಸಾಲಿನಲ್ಲೇ ಅಡಗಿತ್ತು. ಪದ ಕಲಿಸುವ ಕ್ರಮ ಎಂದೂ ನಿರ್ಲಿಪ್ತವಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಕೂಲಿಮಠದ ಒಳಗೆ ನಡೆಯುತ್ತಿದ್ದುದನ್ನು ತಿಳಿಯಲು ನಮಗಿರುವ ಬಲವಾದ ಸಾಕ್ಷಿ ಬಳ್ಳಾರಿಯದು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ಎಲ್ಲ ಕಲೆಕ್ಟರುಗಳಿಂದ ಊರ ಶಾಲೆಗಳ ವಿವರ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ್ದು ಬಂದ ವರದಿಗಳಲ್ಲೆಲ್ಲ ಹೆಚ್ಚು ವಿವರ ತುಂಬಿದ ವರದಿ. ಮುಂದೆ ಇತಿಹಾಸಕಾರ ಧರ್ಮಪಾಲರು 1983ರ ತಮ್ಮ ಗ್ರಂಥದಲ್ಲಿ ಈ ವರದಿಗಳನ್ನೆಲ್ಲ ಅಚ್ಚು ಹಾಕಿಸಿದರು. ಆಗಿನ ಬಳ್ಳಾರಿ ಜಿಲ್ಲೆಗೆ ಈಗಿನ ಅನಂತಪುರದ ಸೀಮೆಯೂ ಸೇರಿತ್ತು. ಅಲ್ಲಿ 533 ಶಾಲೆಗಳು: ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಹುಡುಗನಿಗೆ ಐದು ವರ್ಷವಾದಾಗ ಗಣಪತಿಯ ಪೂಜೆ ಮಾಡಿ ಅಕ್ಕಿಯ ಮೇಲೆ ಬೆರಳು ಹಿಡಿಸಿ ಬರೆಸುತ್ತಿದ್ದರು. ಮರುದಿನದಿಂದ ಶಾಲೆ, ಬೆಳಿಗ್ಗೆ ಆರು ಗಂಟೆಗೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಆಚೆಗೆ ಒಂದೊಂದು ಏಟು ಹೆಚ್ಚು. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು; ಬಳಿಕ ಅನ್ನ ಮತ್ತು ಇದ್ದಿಲು ಬಳಿದ ಮೂರಡಿ ಉದ್ದದ ಹಲಗೆ, ಅಥವಾ ಗಂಜಿ, ಇದ್ದಿಲು, ಅಂಟು ಹಾಕಿ ಗಟ್ಟಿ ಮಾಡಿ ಮಡಿಚಿದ ಬಟ್ಟೆಯ ಕಡತ. ಬರೆಯುವುದು ಬಳಪದಿಂದ, ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸತು. ಗುರುವಿಗೆ ತಿಂಗಳಿಗೆ ಕಾಲು ರೂಪಾಯಿ, ಕಾಗದದ ಮೇಲೆ ಬರೆಯುವ ಹಂತಕ್ಕೆ ಬಂದವನಿಂದ ಅರ್ಧ ರೂಪಾಯಿ. ಮುಂದೆ ಹೋದವರು ಹಿಂದಿನವರಿಗೆ ಹೇಳಿಕೊಡುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ. ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ 1797ರಲ್ಲೇ ಇದನ್ನು ಇಂಗ್ಲೆಂಡಿಗೆ ಪರಿಚಯಿಸಿ ಆಗಿತ್ತು.

ಅದೇ ಕ್ಯಾಂಪ್‌ಬೆಲ್ ಪುಸ್ತಕಗಳ ವಿಷಯಕ್ಕೆ ಬಂದಾಗ ಕಟುವಾಗುತ್ತಾನೆ. ಮಕ್ಕಳು ಓದುತ್ತಿದ್ದುದು ರಾಮಾಯಣ, ಭಾರತ, ಭಾಗವತ; ಲಿಂಗಾಯತರ ಮಕ್ಕಳು ಬಸವಪುರಾಣ, ಗಿರಿಜಾಕಲ್ಯಾಣ, ಚನ್ನಬಸವಪುರಾಣ; ಕುಶಲಕರ್ಮಿಗಳ ಮಕ್ಕಳು ತಮ್ಮ ವಿಶ್ವಕರ್ಮ ಪುರಾಣ; ಹಗುರ ಓದಿಗೆ ಪಂಚತಂತ್ರ; ಪದ ಮತ್ತು ವ್ಯಾಕರಣಕ್ಕೆ ನಿಘಂಟು, ಅಮರ, ಶಬ್ದಮಣಿದರ್ಪಣ. ಇವೆಲ್ಲ ಕಾವ್ಯಭಾಷೆಯಲ್ಲಿವೆ, ಸಂತೆಯಲ್ಲಿ ಆಡುವ ಮಾತು, ಕಚೇರಿಯಲ್ಲಿ ಬರೆಯುವ ಮಾತು ಬೇರೆ. ಲಿಪಿ ಒಂದೇ ಆದ್ದರಿಂದ ಹುಡುಗ ಓದಬಲ್ಲ, ಅರ್ಥ ಮಾತ್ರ ತಿಳಿಯದು. ನೂರಾರು ಪದ್ಯಗಳನ್ನು ಗಿಳಿಯ ಹಾಗೆ ಒಪ್ಪಿಸುತ್ತಾನೆ ಎಂಬುದು ಅವನ ಆಕ್ಷೇಪಣೆಯ ತಿರುಳು. ಕಂಠಪಾಠದ ಮೇಲೆ ಇಂದಿಗೂ ಕೇಳಿಬರುವ ಆಪಾದನೆ ಇದೇ. ಇದನ್ನು ತಳ್ಳಿಹಾಕುವಂತಿಲ್ಲ. ಮೂರು ನಾಲ್ಕು ವರ್ಷ ಓದಿ ಹೊಲಕ್ಕೋ ಅಂಗಡಿಗೋ ಹೋದ ಹುಡುಗರಲ್ಲಿ ಅನೇಕರಿಗೆ ಆ ಪದ್ಯಗಳ ಅರ್ಥ ಕೊನೆಗೂ ದಕ್ಕಿರಲಾರದು. ಬಡತನವೂ ಅಡ್ಡವಾಗಿತ್ತು, ಯುರೋಪಿನ ಸರಕು ಬಂದು ಇಲ್ಲಿನ ಕಸುಬುದಾರರು ಬಡವಾದುದರಿಂದ ಊರ ಶಾಲೆಗಳು ಕ್ಷೀಣಿಸುತ್ತಿವೆ ಎಂದು ಕಂಪನಿಯ ನೌಕರನಾದ ಕ್ಯಾಂಪ್‌ಬೆಲ್‌ನೇ ಬರೆದಿದ್ದಾನೆ. ಹಾಗಿದ್ದೂ ಅವನ ಆಕ್ಷೇಪಣೆ ಅರ್ಧ ಸತ್ಯ, ಏಕೆಂದರೆ ಅವನು ನೋಡಿದ್ದು ಒಂದು ವ್ಯವಸ್ಥೆಯ ಅರ್ಧವನ್ನು.

ಇನ್ನರ್ಧ ಶಾಲೆಯ ಹೊರಗಿತ್ತು. ಕೂಲಿಮಠದಲ್ಲಿ ಹುಡುಗ ಬಾಯಿಗೆ ಹಾಕಿಕೊಂಡ ಕಾವ್ಯವನ್ನೇ ಗುಡಿಯ ಮುಂದೆ, ಮಠದ ಅಂಗಳದಲ್ಲಿ, ಪಟೇಲರ ಜಗಲಿಯಲ್ಲಿ ಒಬ್ಬರು ರಾಗವಾಗಿ ಓದಿದರೆ ಇನ್ನೊಬ್ಬರು ಆಡುಮಾತಿನಲ್ಲಿ ಅರ್ಥ ಬಿಡಿಸುತ್ತಿದ್ದರು. ಕುಮಾರವ್ಯಾಸ ಭಾರತ ಮತ್ತು ಲಕ್ಷ್ಮೀಶನ ಜೈಮಿನಿ ಭಾರತ ಕನ್ನಡನಾಡಿನ ಉದ್ದಗಲಕ್ಕೂ ಜನರಿಗೆ ಮುಟ್ಟಿದ್ದು ಹೀಗೆ. ಕರಾವಳಿ ಮಲೆನಾಡಿನಲ್ಲಿ ತಾಳಮದ್ದಳೆಯ ಅರ್ಥಧಾರಿಗಳು, ಬಯಲುಸೀಮೆಯಲ್ಲಿ ದೊಡ್ಡಾಟ ಆಡುವವರು ಅದೇ ಕೆಲಸ ಮಾಡುತ್ತಿದ್ದರು. ಪದ ಮೊದಲು ಬಾಯಿಗೆ ಬರುತ್ತಿತ್ತು. ಅರ್ಥ ಹತ್ತು ವರ್ಷ ಬಿಟ್ಟು ಒಂದು ರಾತ್ರಿಯ ಆಟದಲ್ಲಿಯೋ ಶ್ರಾವಣದ ಪುರಾಣದಲ್ಲಿಯೋ ಕೂಡಿಕೊಳ್ಳುತ್ತಿತ್ತು. ಅಕ್ಷರವೇ ಬಾರದವರೂ ಆ ಸಭೆಯಲ್ಲಿ ಕೂತು ದೊಡ್ಡ ಪದಸಂಪತ್ತನ್ನು ಕಿವಿಯಿಂದ ಪಡೆಯುತ್ತಿದ್ದರು. ಕಂಠಪಾಠಕ್ಕೆ ಅರ್ಥ ಬರುತ್ತಿದ್ದುದು ಈ ಎರಡನೆಯ ಸಂಸ್ಥೆಯಿಂದ. ಅದು ಕುಗ್ಗಿದ ಕಡೆ ಕಂಠಪಾಠವೂ ಬರಿಯ ಸದ್ದಾಯಿತು. ಇಷ್ಟು ಹೇಳಿ ಕೂಲಿಮಠವನ್ನು ಪೂಜಿಸುವುದು ಮಾತ್ರ ಸಲ್ಲದು. ಬಳ್ಳಾರಿಯ ಅದೇ ಲೆಕ್ಕದಲ್ಲಿ 9,27,857 ಜನಕ್ಕೆ ಶಾಲೆಯಲ್ಲಿದ್ದ ಮಕ್ಕಳು 6,641. ಅವರಲ್ಲಿ ಹುಡುಗಿಯರು 60. ಸಾವಿರ ಜನಕ್ಕೆ ಸುಮಾರು ಏಳೇ ಮಕ್ಕಳು. ಅಷ್ಟು ಸಿರಿವಂತ ಪದಭಂಡಾರಕ್ಕೆ ಅಷ್ಟು ಕಿರಿದಾದ ಬಾಗಿಲು ಇತ್ತೆಂಬುದನ್ನು ಮರೆತು ಹಳೆಯದನ್ನು ಹೊಗಳುವವರು ಇತಿಹಾಸವನ್ನು ಅರ್ಧವೇ ಓದಿದಂತೆ.

ಕೂಲಿಮಠದ ಕಂಠಪಾಠದಲ್ಲಿ ಎರಡು ಬಗೆಯಿತ್ತು ಎಂಬುದೂ ಕ್ಯಾಂಪ್‌ಬೆಲ್‌ನ ಟೀಕೆಯ ನೆರಳಿನಲ್ಲಿ ಮರೆಯಾಗಿದೆ. ಕಾವ್ಯದ ಪಾಠದಲ್ಲಿ ಪದ ಮುಂದೆ, ಅರ್ಥ ಹಿಂದೆ. ಲೆಕ್ಕದ ಪಾಠದಲ್ಲಿ ಪದವೂ ಬಳಕೆಯೂ ಅಂದಂದೇ ಕೂಡುತ್ತಿದ್ದವು. ಮಗ್ಗಿ ಎಂದರೆ ಇಪ್ಪತ್ತರವರೆಗಿನ ಗುಣಾಕಾರ ಒಂದೇ ಅಲ್ಲ. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳಿದ್ದವು, ವೀಸದ ಲೆಕ್ಕವಿತ್ತು, ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಅಳತೆಗಳಿದ್ದವು. ಈ ಪದಗಳನ್ನು ಪದ್ಯದಲ್ಲಿ ಕಟ್ಟುವ ಸಂಪ್ರದಾಯ ಹನ್ನೆರಡನೆಯ ಶತಮಾನದ ರಾಜಾದಿತ್ಯನ ವ್ಯವಹಾರಗಣಿತದಷ್ಟು ಹಳೆಯದು. ಖಂಡುಗ ಎಂಬುದು ಧಾನ್ಯದ ಅಳತೆಯೂ ಹೌದು, ಅಷ್ಟು ಬೀಜ ಹಿಡಿಸುವ ನೆಲದ ಅಳತೆಯೂ ಹೌದು. ಮಗ್ಗಿ ಒಪ್ಪಿಸಿದ ಹುಡುಗ ಕಣದಲ್ಲಿ ರಾಶಿ ಅಳೆಯುವಾಗ ಅದೇ ಪದವನ್ನು ಅಪ್ಪನ ಬಾಯಲ್ಲಿ ಕೇಳುತ್ತಿದ್ದ. ಆದ್ದರಿಂದ ಬಾಯಿಪಾಠವೇ ದೋಷ ಎಂಬ ತೀರ್ಮಾನ ನಿಲ್ಲುವುದಿಲ್ಲ. ಬಾಯಿಗೆ ಬಂದ ಪದಕ್ಕೆ ಬದುಕಿನಲ್ಲಿ ಕೆಲಸವಿದ್ದರೆ ಅದು ಬೇರೂರುತ್ತದೆ. ಕೆಲಸ ತಪ್ಪಿದರೆ ಎಷ್ಟು ಗಟ್ಟಿಯಾಗಿ ಕಲಿತ ಪದವೂ ಮುಂದಿನ ತಲೆಮಾರಿಗೆ ದಾಟುವುದಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು ಹದಿನಾರು ಆಣೆಯ ರೂಪಾಯಿ ಹೋಯಿತು. ಮುಂದಿನ ಕೆಲವು ವರ್ಷಗಳಲ್ಲಿ ಮೆಟ್ರಿಕ್ ತೂಕ ಅಳತೆಗಳು ಸಂತೆಗೆ ಬಂದವು. ಆ ಬಳಿಕ ಶಾಲೆಗೆ ಸೇರಿದ ಮಕ್ಕಳಿಗೆ ವೀಸ, ಕೊಳಗ, ಖಂಡುಗಗಳನ್ನು ಕಲಿಸುವ ಕಾರಣವೇ ಉಳಿಯಲಿಲ್ಲ. ಒಂದು ಕಾಯ್ದೆ ಒಂದು ಇಡೀ ಪದಕುಲವನ್ನು ಬಾಲ್ಯದಿಂದ ಎತ್ತಿಹಾಕಿತು.

ಅಷ್ಟರೊಳಗೆ ಅಚ್ಚು ಬಂದಿತ್ತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಶಾಲೆಯ ಪುಸ್ತಕಗಳು ಅಲ್ಲಿಂದ ನಾಡಿಗೆಲ್ಲ ಹೋದವು. ಮೈಸೂರಿನಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಏರ್ಪಟ್ಟಿತು; ಬಿ. ಎಲ್. ರೈಸ್ 1868ರಲ್ಲಿ ಹೋಬಳಿಗೊಂದು ಶಾಲೆಯ ಯೋಜನೆ ತಂದರು. ಮುಂಬಯಿ ಪ್ರಾಂತ್ಯದ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಕಷ್ಟ ಬೇರೆ ಬಗೆಯದು. ಅಲ್ಲಿ ಕನ್ನಡದ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಮರಾಠಿಯಲ್ಲಿ ಅಕ್ಷರ ಕಲಿಯುತ್ತಿದ್ದರು. ಅಧಿಕಾರಿ ರಸೆಲ್ ಅವರ ಬೆಂಬಲದೊಡನೆ ಡೆಪ್ಯುಟಿ ಚನ್ನಬಸಪ್ಪನವರು ಊರೂರಿಗೆ ಕನ್ನಡ ಶಾಲೆ ತೆರೆಸಿದರು, ಧಾರವಾಡದಲ್ಲಿ ಶಿಕ್ಷಕರನ್ನು ತಯಾರು ಮಾಡಿದರು. ವೆಂಕಟ ರಂಗೋ ಕಟ್ಟಿಯವರಂಥವರು ಪಾಠಪುಸ್ತಕ ಬರೆದರು. ಶಿಕ್ಷಕರಿಗಾಗಿ 1865ರಲ್ಲಿ ಮಠಪತ್ರಿಕೆ ಹುಟ್ಟಿತು. ಈ ದುಡಿಮೆಯ ಫಲವನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ. ಗುರುವಿನ ಕೂಲಿ ಕೊಡಲಾರದವರ ಮಕ್ಕಳು, ಯಾವ ಪುರಾಣವನ್ನೂ ಓದುವ ಹಕ್ಕಿಲ್ಲವೆಂದು ದೂರ ಇಟ್ಟಿದ್ದ ಜಾತಿಗಳ ಮಕ್ಕಳು, ಹೆಣ್ಣುಮಕ್ಕಳು ನಿಧಾನವಾಗಿ, ಜಗಳದ ನಡುವೆಯೇ ಒಳಗೆ ಬಂದರು. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ತೆರೆಯಿತು. ಬಳ್ಳಾರಿಯ ಆ ಅರವತ್ತು ಹುಡುಗಿಯರ ಲೆಕ್ಕದ ಮುಂದೆ ಇದನ್ನಿಟ್ಟು ನೋಡಿದರೆ ಬಾಗಿಲು ಅಗಲವಾಯಿತು ಎಂಬ ಮಾತಿನ ತೂಕ ತಿಳಿಯುತ್ತದೆ.

ಹಾಗಾದರೆ ಪದಸಂಪತ್ತು ಕಿರಿದಾದದ್ದು ಹೇಗೆ? ಹೊಸ ಪಾಠಪುಸ್ತಕ ಎರಡು ನಿಯಮಗಳ ಮೇಲೆ ನಿಂತಿತು. ಒಂದು, ವರ್ಣಮಾಲೆಯ ಪ್ರತಿ ಅಕ್ಷರಕ್ಕೂ ಒಂದು ಪದ ಬೇಕು. ಎರಡು, ಆ ಪದಕ್ಕೆ ಚಿತ್ರ ಬೇಕು. ಅ ಅಕ್ಷರಕ್ಕೆ ಅರಸನೋ ಅಗಸನೋ, ಆ ಅಕ್ಷರಕ್ಕೆ ಆನೆ, ಇ ಅಕ್ಷರಕ್ಕೆ ಇಲಿ ಸುಲಭವಾಗಿ ಸಿಕ್ಕವು. ತೊಡಕು ಬಂದದ್ದು ಕನ್ನಡದ ದಿನಬಳಕೆಯಲ್ಲಿ ಇಲ್ಲದ ಅಕ್ಷರಗಳಿಗೆ. ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ಋಕಾರ, ಶ, ಷ, ವಿಸರ್ಗ ಮೊದಲಾದವನ್ನು ಕಳೆದು ಅಚ್ಚಗನ್ನಡಕ್ಕೆ 47 ಅಕ್ಷರ ಎಂದು ಲೆಕ್ಕ ಕೊಟ್ಟಿದ್ದ. ಪಾಠಪುಸ್ತಕ ಆ ಲೆಕ್ಕವನ್ನು ಬದಿಗಿಟ್ಟು ಪೂರ್ಣ ವರ್ಣಮಾಲೆಯನ್ನು ಎತ್ತಿಕೊಂಡಿತು. ಹೀಗಾಗಿ ಋಷಿ, ಐರಾವತ, ಛತ್ರಿ, ಝರಿ, ಢಕ್ಕೆ, ಕ್ಷತ್ರಿಯ, ಜ್ಞಾನಿ ಇವು ಐದಾರು ವರ್ಷದ ಮಗುವಿಗೆ ಮೊದಲ ತಿಂಗಳಲ್ಲೇ ಎದುರಾದವು. ಮನೆಯಲ್ಲಿ ಯಾರೂ ಆಡದ ಪದಗಳಾದ್ದರಿಂದಲೇ ಅವು ಕಲಿತ ಜಾಗದ ಸಮೇತ ನೆನಪಿನಲ್ಲಿ ನಿಂತವು. ಚಿತ್ರದ ನಿಯಮ ಇನ್ನೂ ಬಿಗಿ. ಬರೆದು ತೋರಿಸಬಹುದಾದದ್ದಕ್ಕೆ ಮಾತ್ರ ಪುಟದಲ್ಲಿ ಜಾಗ. ಹುರಿಯುವುದು, ಕೇರುವುದು, ಒನೆಯುವುದು, ಜಾಲಿಸುವುದು ಎಂಬ ಕ್ರಿಯೆಗಳು, ಕಮಟು, ಒಗರು ಎಂಬ ನಾಲಗೆ ಮೂಗುಗಳ ಪದಗಳು ಹೊರಗುಳಿದವು. ಎಲ್ಲ ಜಿಲ್ಲೆಗೂ ಒಂದೇ ಪುಸ್ತಕ ಎಂದಾದಾಗ ಬಯಲುಸೀಮೆಯ ಕೂರಿಗೆ, ಕುಂಟೆ ಮಲೆನಾಡಿಗೆ ತಿಳಿಯವು, ಮಲೆನಾಡಿನ ಗೊರಬು ಬಯಲುಸೀಮೆಗೆ ತಿಳಿಯದು ಎಂಬ ಕಾರಣಕ್ಕೆ ಎರಡೂ ಜಾರಿದವು. ಎಲ್ಲರಿಗೂ ಗೊತ್ತಿರುವುದು ಮಾತ್ರ ಉಳಿಯಿತು. ಎಲ್ಲರಿಗೂ ಗೊತ್ತಿರುವುದನ್ನು ಕಲಿಸುವ ಪುಸ್ತಕದಿಂದ ಅಕ್ಷರ ಬರುತ್ತದೆ, ಪದ ಬೆಳೆಯುವುದಿಲ್ಲ.

ಕನ್ನಡ ಮನೆಮಾತಲ್ಲದ ಮಕ್ಕಳ ಕಡೆ ತಿರುಗಿದರೆ ಈ ಮಾತು ಇನ್ನೂ ನಿಚ್ಚಳ. ತುಳುನಾಡಿನಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕೊಡಗಿನಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಕನ್ನಡ. ಬಾಸೆಲ್ ಮಿಷನ್‌ನವರು 1842ರಲ್ಲಿ ಮತ್ತಾಯನ ಸುವಾರ್ತೆಯನ್ನು ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದರೂ ಶಾಲೆಯ ಭಾಷೆ ಕನ್ನಡವೇ ಆಯಿತು. ಆ ಮಕ್ಕಳಿಗೆ ನೀರು, ಮನೆ, ಮಳೆ ಎಂಬ ಪದಗಳೂ ಕಲಿತು ಪಡೆದವು. ಉಳಿದ ಕನ್ನಡಿಗರಿಗೆ ಮರೆವಿನ ಕಾಲದಲ್ಲಿ ಬಂದ ಪದಗಳು ಇವರಿಗೆ ನೆನಪಿನ ಕಾಲದಲ್ಲಿ ಬಂದವು. ಹೈದರಾಬಾದ್ ಸಂಸ್ಥಾನದ ಕಲಬುರಗಿ, ರಾಯಚೂರು, ಬೀದರ್ ಕಡೆ ಮೇಲಿನ ಓದು, ಕಚೇರಿ, ಕೋರ್ಟು ಎಲ್ಲ ಉರ್ದುವಿನಲ್ಲಿ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಅಲ್ಲಿನ ಕನ್ನಡದ ಹುಡುಗನಿಗೆ ಅಡುಗೆಮನೆಯ ಪದ ಒಂದು ನುಡಿಯಿಂದ, ಆಡಳಿತದ ಪದ ಇನ್ನೊಂದು ನುಡಿಯಿಂದ ಬಂದವು. 1956ರ ನವೆಂಬರ್ 1ರಂದು ಈ ಸೀಮೆಗಳೆಲ್ಲ ಒಂದಾದಾಗ ಒಂದೇ ವಯಸ್ಸಿನ ಮಕ್ಕಳ ಪದಭಂಡಾರ ಊರಿಂದೂರಿಗೆ ಎಷ್ಟು ಬೇರೆಯಾಗಿತ್ತು ಎಂಬುದನ್ನು ಇದರಿಂದ ಊಹಿಸಬಹುದು. ಸಾಲಿ, ಶಾಲೆ, ಇಸ್ಕೂಲು, ಮಾಸ್ತರು, ಮೇಷ್ಟ್ರು, ಪಾಟಿ, ಸ್ಲೇಟು: ಕಲಿಯುವ ಜಾಗಕ್ಕೂ ಕಲಿಸುವವರಿಗೂ ಬರೆಯುವ ಹಲಗೆಗೂ ಒಂದೇ ಹೆಸರಿರಲಿಲ್ಲ.

ಪಾಠಪುಸ್ತಕದ ಬಡತನವನ್ನು ಮೊದಲು ಕಂಡವರು ಕವಿಗಳು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಊರಿನ ಮಾತು ತುಳು. ಶಾಲೆಯ ಮಾಸ್ತರರಾಗಿ, ಮುಂದೆ ಇನ್‌ಸ್ಪೆಕ್ಟರರಾಗಿ ಕೂಲಿಮಠದ ಉಳಿಕೆಗಳನ್ನೂ ಹೊಸ ಶಾಲೆಯನ್ನೂ ಹತ್ತಿರದಿಂದ ನೋಡಿದವರು. ಮಕ್ಕಳಿಗೆ ಪದ ದಕ್ಕುವುದು ಮೊದಲು ಕಿವಿಗೆ, ಲಯದಲ್ಲಿ ಎಂಬ ಕೂಲಿಮಠದ ಅರಿವನ್ನು ಅವರು ಉಳಿಸಿಕೊಂಡರು. ಅರ್ಥ ಅಂದಂದೇ ಮುಟ್ಟಬೇಕು ಎಂಬ ಹೊಸ ಶಾಲೆಯ ಹಟವನ್ನೂ ಒಪ್ಪಿದರು. ಎರಡೂ ಕೂಡಿದ್ದರಿಂದ ಅವರ ಶಿಶುಗೀತೆಗಳು ಶಾಲೆಯನ್ನು ದಾಟಿ ಮನೆಗೆ ಹೋದವು. ಜಿ. ಪಿ. ರಾಜರತ್ನಂ, ಹೊಯ್ಸಳ ಎಂಬ ಕಾವ್ಯನಾಮದ ಕವಿ, ದಿನಕರ ದೇಸಾಯಿ ಇವರು ಅದೇ ದಾರಿಯಲ್ಲಿ ನಡೆದರು. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನು ಕಲಿತವರು ಆ ಪದ ಮೊದಲು ಕೇಳಿದ್ದು ಎಲ್ಲಿ ಎಂದು ತಡವರಿಸದೆ ಹೇಳುತ್ತಾರೆ. ಚಿತ್ರದ ಪುಟ ಕೊಡಲಾರದ ಕ್ರಿಯೆ, ಬಣ್ಣ, ಸದ್ದು, ಚೇಷ್ಟೆ ಇವುಗಳ ಪದಗಳನ್ನು ಪದ್ಯ ಸಲೀಸಾಗಿ ಕೊಟ್ಟಿತು. ಬಾಗಿಲನ್ನು ಕಿರಿದು ಮಾಡದೆಯೇ ಪದವನ್ನು ಹಿಗ್ಗಿಸಬಹುದು ಎಂಬುದಕ್ಕೆ ನಮ್ಮಲ್ಲೇ ಸಿಗುವ ಪುರಾವೆ ಇದು. ಪದಸಂಪತ್ತಿನ ಇಳಿತ ಸಾರ್ವತ್ರಿಕ ಶಿಕ್ಷಣಕ್ಕೆ ಅನಿವಾರ್ಯವಾಗಿ ಅಂಟಿದ ಬೆಲೆ ಎನ್ನುವವರಿಗೆ ಪಂಜೆಯವರ ಒಂದು ಪದ್ಯವನ್ನು ಮಕ್ಕಳ ನಡುವೆ ಹಾಡಿಸಿ ತೋರಿಸಿದರೆ ಸಾಕು.

ಇದಕ್ಕೆ ಎದುರಾಗಿ ಹೇಳಬಹುದಾದ ಗಟ್ಟಿ ಮಾತುಗಳು ಎರಡಿವೆ. ಐದು ಆಡಳಿತಗಳಲ್ಲಿ ಹರಿದು ಹೋಗಿದ್ದ ನಾಡು ಒಂದಾಗಲು ಒಂದು ಸಮಾನ ಕನ್ನಡ ಬೇಕಿತ್ತು, ಸೀಮೆಯ ಪದಗಳಿಗೆಲ್ಲ ಪುಸ್ತಕದಲ್ಲಿ ಜಾಗ ಕೊಟ್ಟಿದ್ದರೆ ಏಕೀಕರಣ ಕಾಗದದಲ್ಲೇ ಉಳಿಯುತ್ತಿತ್ತು ಎಂಬುದು ಮೊದಲನೆಯದು. ಸಮಾನ ಕನ್ನಡ ಬೇಕಿತ್ತು ಎಂಬುದು ನಿಜ. ಆದರೆ ಧಾರವಾಡದ ಮಗು ಗೊರಬು ಎಂಬ ಪದವನ್ನೂ ತೀರ್ಥಹಳ್ಳಿಯ ಮಗು ಕೂರಿಗೆ ಎಂಬ ಪದವನ್ನೂ ಕಲಿತರೆ ನಾಡು ಹತ್ತಿರವಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಸಮಾನತೆಯನ್ನು ಕೂಡಿಸುತ್ತಲೂ ಸಾಧಿಸಬಹುದು, ಕಳೆಯುತ್ತಲೂ ಸಾಧಿಸಬಹುದು. ನಮ್ಮ ಪುಸ್ತಕಗಳು ಕಳೆಯುವ ದಾರಿ ಹಿಡಿದವು. ಎರಡನೆಯ ಆಕ್ಷೇಪಣೆ: ಮನೆ, ಹೊಲ, ಮಗ್ಗ, ಕುಲುಮೆಗಳ ಪದ ಎಂದೂ ಶಾಲೆಯದಾಗಿರಲಿಲ್ಲ, ಕೂಲಿಮಠವೂ ಅವನ್ನು ಕಲಿಸಲಿಲ್ಲ, ಹಾಗಿರುವಾಗ ಪಾಠಪುಸ್ತಕವನ್ನೇಕೆ ದೂರಬೇಕು? ಈ ಮಾತೂ ನಿಜ. ಲಾಳಿ, ಹಣಿಗೆ, ಹಾಸು, ಹೊಕ್ಕು ಎಂಬುದನ್ನು ನೇಕಾರನ ಮಗು ಮಗ್ಗದ ಬಳಿಯೇ ಕಲಿಯಿತು; ಮೇಳಿ, ಈಸು, ನೊಗ ರೈತನ ಮಗುವಿಗೆ ಹೊಲದಲ್ಲಿ ಬಂದವು. ಕೂಲಿಮಠ ಅವನ್ನು ಕಲಿಸುವ ಅಗತ್ಯವಿರಲಿಲ್ಲ, ಏಕೆಂದರೆ ಅದು ಮಗುವಿನ ಇಡೀ ದಿನವನ್ನು, ಎಲ್ಲ ಮಕ್ಕಳನ್ನು ತನ್ನೊಳಗೆ ಸೆಳೆದುಕೊಂಡಿರಲಿಲ್ಲ. ಇಂದಿನ ಶಾಲೆ ಸೆಳೆದುಕೊಂಡಿದೆ. ಮಗುವನ್ನು ಕೆಲಸದ ಜಾಗದಿಂದ ಬಿಡಿಸಿ ತಂದದ್ದು ನ್ಯಾಯ, ದುಡಿಮೆಯಿಂದ ಬಿಡುಗಡೆ ಅದರ ಹಕ್ಕು. ಬಿಡಿಸಿ ತಂದವರ ಮೇಲೆ, ಅದು ಅಲ್ಲಿ ಪಡೆಯುತ್ತಿದ್ದ ಪದಗಳನ್ನು ಬೇರೆ ದಾರಿಯಿಂದ ಕೊಡುವ ಹೊಣೆಯೂ ಬಿತ್ತು. ಆ ಹೊಣೆಯನ್ನು ಹೊರಲಿಲ್ಲ ಎಂಬುದು ಇಲ್ಲಿನ ದೂರು.

ಬಾಲ್ಯದ ನೆನಪು ಜಾರುವಂಥದ್ದು, ಅದರ ಮೇಲೆ ಚರಿತ್ರೆ ಕಟ್ಟುವುದು ಸರಿಯೇ ಎಂದು ಇತಿಹಾಸಕಾರರು ಕೇಳಬಹುದು. ಬರೀ ನೆನಪನ್ನು ನಂಬಬೇಕಾಗಿಲ್ಲ. ಅದನ್ನು ದಾಖಲೆಗೆ ತಾಳೆ ಹಾಕಬಹುದು. ನಯಾಪೈಸೆ ಎಂಬ ಹೆಸರು ಚಲಾವಣೆಯಲ್ಲಿದ್ದುದು 1957ರಿಂದ 1964ರವರೆಗೆ. ಅದನ್ನು ಮಗುವಾಗಿದ್ದಾಗ ಕಲಿತೆ ಎನ್ನುವವರ ಕಾಲ ತಾನಾಗಿ ಗೊತ್ತಾಗುತ್ತದೆ. ಯಾವ ಪಾಠಪುಸ್ತಕದಲ್ಲಿ ಯಾವ ಪದವಿತ್ತು ಎಂಬುದನ್ನು ಹಳೆಯ ಪ್ರತಿಗಳಿಂದ ನೋಡಬಹುದು. ಬಾಯಿಮಾತನ್ನು ಆಧಾರವಾಗಿ ಹಿಡಿದು ದೊಡ್ಡ ಕೆಲಸ ಆಗಿದೆ ಕೂಡ. ಉಡುಪಿಯಲ್ಲಿ ಯು. ಪಿ. ಉಪಾಧ್ಯಾಯರ ನೇತೃತ್ವದಲ್ಲಿ 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು ಊರೂರು ತಿರುಗಿ ಜನರನ್ನು ಕೇಳಿ ಕಟ್ಟಿದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗೆ ಹೊರಬಂದವು. ಅದರ ಮುಖ್ಯ ಆಧಾರ ಶಾಸನ ಮತ್ತು ಗ್ರಂಥಗಳು. ಬರಹಕ್ಕೆ ಇಳಿದ ಕನ್ನಡದ ಮಟ್ಟಿಗೆ ಅದಕ್ಕಿಂತ ದೊಡ್ಡ ಆಸರೆಯಿಲ್ಲ. ಬರಹಕ್ಕೆ ಇಳಿಯದ, ಬಾಯಿಂದ ಬಾಯಿಗೆ ಬಂದ ಪದಗಳಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವೃತ್ತಿ ಪದಕೋಶಗಳು ದಾರಿ ತೋರಿಸಿವೆ. ಆ ದಾರಿಯಲ್ಲಿ ಇನ್ನೂ ದೂರ ಹೋಗಬೇಕಾಗಿದೆ.

ಇಂದಿನ ಪಟ್ಟಣದ ಮಗುವಿಗೆ ಅಕ್ಷರದೊಡನೆ ಬರುವ ಮೊದಲ ಪದ ಬಹಳ ಮನೆಗಳಲ್ಲಿ ಆ್ಯಪಲ್. ಊರಿನಲ್ಲಿ ಬೆಳೆಯದ ಹಣ್ಣು, ಮನೆಯಲ್ಲಿ ಆಡದ ನುಡಿ. ಇನ್ನೂರು ವರ್ಷದ ಹಿಂದೆ ಬಳ್ಳಾರಿಯ ಹುಡುಗ ಅರ್ಥವಾಗದ ಪದ್ಯ ಒಪ್ಪಿಸುತ್ತಿದ್ದ ಎಂದು ಮರುಗುವ ನಾವು ಅದಕ್ಕಿಂತ ಮುಂದೆ ಬಂದಿದ್ದೇವೆ ಎಂದು ಹೇಳಲು ಧೈರ್ಯ ಸಾಲದು. ಆ ಹುಡುಗನಿಗೆ ಊರ ಜಗಲಿಯ ಪುರಾಣದಲ್ಲಿ ಅರ್ಥ ಸಿಗುವ ಅವಕಾಶವಾದರೂ ಇತ್ತು. ಮಾಡಬೇಕಾದ ಕೆಲಸ ದುಬಾರಿಯದಲ್ಲ. ಕನ್ನಡದ ಮೊದಲ ಪುಸ್ತಕದಲ್ಲಿ ಕೆಲವು ಪುಟಗಳನ್ನು ಆಯಾ ಜಿಲ್ಲೆಯ ಪದಗಳಿಗೆ ಬಿಡಬೇಕು. ಅವನ್ನು ಆ ಜಿಲ್ಲೆಯ ಶಿಕ್ಷಕರೇ ಆರಿಸಬೇಕು. ಪದ್ಯ ಬಾಯಿಪಾಠ ಮಾಡಿಸುವುದನ್ನು ಬಿಡಬಾರದು, ಅರ್ಥ ಬಿಡಿಸದೆಯೂ ಇರಬಾರದು. ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಓದುಗರು ಒಂದು ಕೆಲಸ ಮಾಡಬೇಕು. ಅವರು ಚಿಕ್ಕಂದಿನಲ್ಲಿ ಕಲಿತು ಈಗ ಯಾರೂ ಆಡದ ಪದಗಳನ್ನು ಕೇಳಿ, ಎಲ್ಲಿ, ಯಾರಿಂದ, ಯಾವ ಕೆಲಸ ಮಾಡುವಾಗ ಕಲಿತರು ಎಂಬುದರ ಸಮೇತ ಬರೆದಿಡಿ. ಬರೆದುದನ್ನು ಹತ್ತಿರದ ಶಾಲೆಗೆ ಒಂದು ಪ್ರತಿ ಕೊಡಿ. ಈ ವರ್ಷವೇ ಮಾಡಿ, ಏಕೆಂದರೆ ಮಗ್ಗಿಯಲ್ಲಿ ವೀಸ, ಖಂಡುಗ ಒಪ್ಪಿಸಿದ ಕೊನೆಯ ತಲೆಮಾರು ಈಗ ನಮ್ಮ ನಡುವೆ ಇದೆ.